ಬದನೆಕಾಯಿ ಬಣ್ಣದ ಕ್ಲಬ್ ಹುಟ್ಟಿದ್ದು ಹೇಗೆ

ಹೊರಡುವ ಮುನ್ನ

ಜಪಾನಿಗೆ ಹೊರಟಾಗ ನನ್ನ ಹೆಂಡತಿ ಕೊಟ್ಟ ಬುದ್ಧಿಮಾತು ಒಂದೇ. "ನೋಡ್ರೀ, ಅಲ್ಲಿ ಹೋಗಿ ಯಾರಿಗೂ ಪಾಠ ಮಾಡ್ಬೇಡಿ." ಅವಳು ಹಿಂದಿನ ವರ್ಷವೇ ಮಗಳ ಮನೆಗೆ ಹೋಗಿ ಬಂದವಳಾದ್ದರಿಂದ ಆ ದೇಶದ ವಿಷಯದಲ್ಲಿ ಅವಳ ಮಾತಿಗೆ ತೂಕವಿತ್ತು. ನಾನು ಮೈಸೂರಿನ ಕಾಲೇಜೊಂದರಲ್ಲಿ ಇಂಗ್ಲೆಂಡಿನ ಇತಿಹಾಸ ಕಲಿಸಿ ನಿವೃತ್ತನಾದವನು. ಇಂಗ್ಲೆಂಡ್ ನೋಡಿಲ್ಲ. ನೋಡದೇ ಇದ್ದುದರಿಂದ ಪಾಠಕ್ಕೆ ಯಾವ ತೊಂದರೆಯೂ ಆಗಲಿಲ್ಲ. ಯಾವ ಘಟನೆಗೂ ಮೊದಲು ಕಾರಣಗಳಿರುತ್ತವೆ, ಆಮೇಲೆ ಪರಿಣಾಮಗಳಿರುತ್ತವೆ, ಜಾಗ ಉಳಿದರೆ ನಡುವೆ ಘಟನೆ ಇರುತ್ತದೆ. ಇದು ನನ್ನ ನೋಟ್ಸಿನ ಕ್ರಮ. ಎಂಟನೇ ಹೆನ್ರಿ ಅಷ್ಟು ಸಲ ಮದುವೆಯಾಗಲು ಕಾರಣಗಳೇನು ಎಂಬ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿ 'ಸುಮ್ಮನೆ' ಎಂದು ಉತ್ತರ ಬರೆದಿದ್ದ. ಸೊನ್ನೆ ಕೊಟ್ಟೆ. ಯಾವತ್ತು ಕೇಳಿದರೂ ಸೊನ್ನೆಯನ್ನೇ ಕೊಡುತ್ತೇನೆ ಎಂದು ಆಗ ನಂಬಿದ್ದೆ.

ಮಗಳು ಸುಚೇತಾ ಕ್ಯೋಟೋದ ವಿಶ್ವವಿದ್ಯಾಲಯದಲ್ಲಿ ಪಾಚಿಯ ಮೇಲೆ ಸಂಶೋಧನೆ ಮಾಡುತ್ತಾಳೆ. ನಮ್ಮ ಮನೆಯಲ್ಲಿ ಪಾಚಿಯನ್ನು ಬಚ್ಚಲಲ್ಲಿ ತೆಂಗಿನ ನಾರು ಹಾಕಿ ಉಜ್ಜುತ್ತೇವೆ. ಅಲ್ಲಿ ಅದಕ್ಕೆ ದೇವಸ್ಥಾನದ ಅಂಗಳವನ್ನೇ ಬಿಟ್ಟುಕೊಟ್ಟು, ಸುತ್ತ ಹಗ್ಗ ಕಟ್ಟಿ, ಟಿಕೆಟ್ ಇಟ್ಟಿದ್ದಾರೆ. ನಾನೂ ಟಿಕೆಟ್ ತೆಗೆಸಿಕೊಂಡು ನೋಡಿದೆ. ಪಾಚಿಯೇ.

ಬಸ್ಸಿನಲ್ಲಿ

ಕ್ಯೋಟೋದ ಸಿಟಿ ಬಸ್ಸನ್ನು ಹಿಂದಿನ ಬಾಗಿಲಲ್ಲಿ ಹತ್ತಿ ಮುಂದಿನ ಬಾಗಿಲಲ್ಲಿ ಇಳಿಯಬೇಕು. ದುಡ್ಡು ಕೊಡುವುದು ಇಳಿಯುವಾಗ. ಸುಚೇತಾ ಇದನ್ನೆಲ್ಲ ಮೊದಲೇ ಹೇಳಿದ್ದಳು. ಆದರೆ ನಮ್ಮ ಸ್ಟಾಪು ಬಂದಾಗ ಯಾವ ಬಾಗಿಲು ಹತ್ತಿರವೋ ಅದರಲ್ಲಿ ಇಳಿಯುವುದು ನನ್ನ ಕಾಲಿಗಾದ ರೂಢಿ. ಹಿಂದಿನ ಬಾಗಿಲು ತೆರೆದ ಕೂಡಲೇ ಇಳಿದುಬಿಟ್ಟೆ. ಡ್ರೈವರ್ ಮೈಕಿನಲ್ಲಿ "ಸುಮಿಮಾಸೆನ್" ಎಂದ. ಬೈಗುಳವೆಂದುಕೊಂಡೆ. ಧ್ವನಿ ಮಾತ್ರ ಮದುವೆಗೆ ಕರೆಯಲು ಬಂದವರ ಹಾಗಿತ್ತು. ಮತ್ತೆ ಹತ್ತಿ, ಬಸ್ಸಿನ ಉದ್ದಕ್ಕೂ ನಡೆದು, ಮುಂದೆ ಚಿಲ್ಲರೆ ಹಾಕಿ ಇಳಿದೆ. ಅಷ್ಟು ಹೊತ್ತೂ ಬಸ್ಸಿನವರೆಲ್ಲ ನನ್ನ ಮಾನ ಉಳಿಸಲೆಂದು ಕಿಟಕಿಯಾಚೆ ನೋಡುತ್ತಿದ್ದರು. ನಮ್ಮಲ್ಲಾಗಿದ್ದರೆ ನಾಲ್ಕು ಜನ ಡ್ರೈವರನ ಪರ, ನಾಲ್ಕು ಜನ ನನ್ನ ಪರ ನಿಂತು, ನಾನು ಯಾವ ಊರಿನವನು ಎಂಬುದೂ ಇತ್ಯರ್ಥವಾಗಿರುತ್ತಿತ್ತು.

"ಸುಮಿಮಾಸೆನ್ ಅಂದ್ರೆ ಏನೇ?" ಎಂದು ಮಗಳನ್ನು ಕೇಳಿದೆ.

"ಸಾರಿ ಅಂತ. ಎಕ್ಸ್‌ಕ್ಯೂಸ್ ಮಿ ಅಂತಾನೂ ಹೌದು. ಒಂದೊಂದ್ಸಲ ಥ್ಯಾಂಕ್ಸ್ ಕೂಡ."

"ತಪ್ಪು ಮಾಡಿದ್ದು ನಾನಲ್ವಾ? ಅವನ್ಯಾಕೆ ಸಾರಿ ಕೇಳಿದ?"

"ಇಲ್ಲಿ ಹಾಗೇ ಅಪ್ಪ. ಯಾರಾದ್ರೂ ಒಬ್ರು ಹೇಳಿದ್ರೆ ಸಾಕು, ವಿಷಯ ಮುಗೀತು."

ಮಾರನೆಯ ದಿನ ಅದೇ ಬಸ್ಸಿನಲ್ಲಿ ಒಬ್ಬರು ಮುದುಕರು ಪಕ್ಕದ ಗೆಳೆಯನ ಕಾಲು ತುಳಿದರು. ತುಳಿದವರು "ಸುಮನ್ ನೇ, ಸುಮನ್ ನೇ" ಎಂದು ಗೊಣಗಿದರು. ಸುಮನ್ ಎಂಬ ಹುಡುಗಿ ಎಲ್ಲಿದ್ದಾಳೆಂದು ನಾನು ಹಿಂದಕ್ಕೆ ತಿರುಗಿ ನೋಡಿದೆ. ಸುಚೇತಾ ನಕ್ಕಳು. ಅದು ಸುಮಿಮಾಸೆನ್‌ನ ಮೋಟು ರೂಪವಂತೆ. ವಯಸ್ಸಾದ ಗಂಡಸರು ಸಲಿಗೆಯವರ ಹತ್ತಿರ ಮಾತ್ರ ಆಡುವ ಮಾತಂತೆ. "ತಪ್ಪಾಯ್ತು ಕಣೋ ಅಂತೀವಲ್ಲ, ಅದೇ," ಎಂದಳು. ನಾನು ಅದನ್ನು ಅಲ್ಲಿಗೇ ಮರೆತೆ.

ಕಾಫಿ ಅಂಗಡಿ

ನಿಶಿಜಿನ್ ಎಂಬುದು ಕ್ಯೋಟೋದ ನೇಕಾರರ ಬಡಾವಣೆ. ರೇಷ್ಮೆ ಮಗ್ಗಗಳ ಸದ್ದು ಈಗಲೂ ಕೆಲವು ಮನೆಗಳೊಳಗಿಂದ ಕೇಳುತ್ತದೆ. ಅಲ್ಲಿನ ಒಂದು ಮೂಲೆಯಲ್ಲಿ ನಿಶಿಮುರಾ-ಸಾನ್ ಅವರ ಕಾಫಿ ಅಂಗಡಿ. ಸಾನ್ ಎಂದರೆ ಹೆಸರಿನ ಮುಂದೆ ಮರ್ಯಾದೆಗೆ ಹಚ್ಚುವ ಬಾಲ, ನಮ್ಮ 'ಅವರು' ಇದ್ದ ಹಾಗೆ. ಸುಚೇತಾ ದಿನಾ ಬೆಳಿಗ್ಗೆ ಅಲ್ಲಿ ದಪ್ಪ ಬ್ರೆಡ್ಡಿನ ಟೋಸ್ಟು ತಿಂದು ಸೈಕಲ್ಲಿನಲ್ಲಿ ಲ್ಯಾಬಿಗೆ ಹೋಗುತ್ತಾಳೆ. ಕಾಫಿಯನ್ನು ಅವರು ಗಾಜಿನ ಬುರುಡೆಯಲ್ಲಿ ಕಾಯಿಸುತ್ತಾರೆ. ಕೆಳಗೆ ಸಣ್ಣ ಉರಿ, ಮೇಲೆ ಗುಳುಗುಳು ಸದ್ದು, ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟು ಕೈಕಟ್ಟಿ ನಿಂತ ಮುದುಕರು. ಫಲಿತಾಂಶಕ್ಕೆ ಕಾಯುವವರಂತೆ ನಾನೂ ಕಾದೆ. ಬಂದದ್ದು ಹಾಲಿಲ್ಲದ ಕಪ್ಪು ಕಷಾಯ. ಚೆನ್ನಾಗಿದೆ ಎಂದೆ.

ಆದರೆ ನನ್ನ ಗಮನ ಸೆಳೆದದ್ದು ಗೋಡೆ. ಅಲ್ಲಿ ಬುದ್ಧನಿಲ್ಲ, ಚೆರಿ ಹೂವಿಲ್ಲ. ಇಡೀ ಗೋಡೆಗೆ ಒಂದೇ ಒಂದು ಹಳೆಯ ಫೋಟೋ. ಮೀಸೆ ಬಿಟ್ಟ, ಮೊಣಕಾಲಿನವರೆಗೆ ಚಡ್ಡಿ ತೊಟ್ಟ ಇಂಗ್ಲಿಷ್ ತರುಣರ ಗುಂಪು. ಒಬ್ಬನ ತೊಡೆಯ ಮೇಲೆ ಚೆಂಡು, ಇನ್ನೊಬ್ಬನ ಕಂಕುಳಲ್ಲಿ ನಾಯಿ. ಬಾಗಿಲ ಹಿಂದಿನ ಗೂಟದಲ್ಲಿ ಬದನೆಕಾಯಿ ಬಣ್ಣದ ಒಂದು ಉಣ್ಣೆಯ ಸ್ಕಾರ್ಫ್ ನೇತಾಡುತ್ತಿತ್ತು.

"ಅಪ್ಪ, ನಿನ್ನ ಹತ್ರ ಕೇಳ್ದೇನೇ ಒಂದು ಮಾತು ಕೊಟ್ಬಿಟ್ಟಿದೀನಿ," ಎಂದಳು ಸುಚೇತಾ.

ವಿಷಯ ಇಷ್ಟು. ನಿಶಿಮುರಾ-ಸಾನ್ ಮತ್ತು ಅವರ ಗೆಳೆಯ ಒಕುದಾ-ಸಾನ್ ತರುಣರಾಗಿದ್ದಾಗ ಒಂದೇ ಮಗ್ಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಯಜಮಾನರು ಇಬ್ಬರನ್ನೂ ಬಣ್ಣ ಹಾಕುವ ಯಂತ್ರವೊಂದನ್ನು ಕಲಿತು ಬನ್ನಿ ಎಂದು ಉತ್ತರ ಇಂಗ್ಲೆಂಡಿನ ಎಲ್ಡರ್‌ವಿಕ್ ಎಂಬ ಉಣ್ಣೆಯ ಊರಿಗೆ ಒಂದು ಚಳಿಗಾಲ ಕಳಿಸಿದರು. ಭಾಷೆ ಬಾರದು, ಚಳಿ ತಡೆಯದು, ಊಟ ಸೇರದು. ಶನಿವಾರ ಮಧ್ಯಾಹ್ನ ಫುಟ್‌ಬಾಲ್ ಮೈದಾನದಲ್ಲಿ ಮಾತ್ರ ಯಾರ ಹತ್ತಿರವೂ ಮಾತಾಡದೆ ಸಾವಿರ ಜನರ ನಡುವೆ ನಿಂತು ಕೂಗಬಹುದಿತ್ತು. ಎಲ್ಡರ್‌ವಿಕ್ ರೋವರ್ಸ್ ಎಂಬ ಆ ಕ್ಲಬ್ ಅವರು ನೋಡಿದ ಎಲ್ಲಾ ಪಂದ್ಯಗಳನ್ನೂ ಸೋತಿತು. ಇಬ್ಬರೂ ಯಂತ್ರ ಕಲಿತರೋ ಇಲ್ಲವೋ, ಕ್ಲಬ್ಬಿನ ಅಭಿಮಾನಿಗಳಾಗಿ ಮರಳಿದರು. ನಿಶಿಮುರಾ-ಸಾನ್ ಮಗ್ಗ ಬಿಟ್ಟು ಈ ಅಂಗಡಿ ತೆರೆದ ಮೇಲೆ ಪ್ರತಿ ಶನಿವಾರ ಇಲ್ಲೇ ಸೇರಿ ಆ ಕ್ಲಬ್ಬಿನ ಕಷ್ಟಸುಖ ಮಾತಾಡುತ್ತಿದ್ದರು.

ಮೂರು ವರ್ಷದ ಹಿಂದೆ ಜಗಳವಾಯಿತು. ಕ್ಲಬ್ ಹುಟ್ಟಿದ್ದು ಹೇಗೆ ಎಂಬುದರ ಮೇಲೆ. ಊರಿನ ಪಾದ್ರಿ, ಹುಡುಗರು ಕುಡಿಯಬಾರದೆಂದು ಚರ್ಚಿನಿಂದ ಕಟ್ಟಿಸಿದ್ದು ಎಂದು ಒಕುದಾ-ಸಾನ್. ಬಣ್ಣದ ಕಾರ್ಖಾನೆಯ ಕೂಲಿಗಳು ಪಬ್ಬಿನಲ್ಲಿ ಕುಡಿಯುತ್ತಾ ಕಟ್ಟಿದ್ದು ಎಂದು ನಿಶಿಮುರಾ-ಸಾನ್. ನಿಶಿಮುರಾ-ಸಾನ್ ತಮ್ಮ ಅಭಿಪ್ರಾಯವನ್ನು ಸೀಮೆಸುಣ್ಣದಲ್ಲಿ ಅಂಗಡಿಯ ಬೋರ್ಡಿನ ಮೇಲೆ, ಅಂದಿನ ತಿಂಡಿಯ ಹೆಸರಿನ ಕೆಳಗೆ ಬರೆದರು. ಒಕುದಾ-ಸಾನ್ ಓದಿದರು, ಸ್ಕಾರ್ಫ್ ತೆಗೆದು ಗೂಟಕ್ಕೆ ಹಾಕಿದರು, ಹೋದರು. ಮತ್ತೆ ಬರಲಿಲ್ಲ.

ಈಗ ಒಕುದಾ-ಸಾನ್ ಹೆಂಡತಿಯ ತವರಾದ, ದೇಶದ ಉತ್ತರ ತುದಿಯ ಹೊಕ್ಕೈಡೋಗೆ ಕಾಯಂ ಆಗಿ ಹೊರಟಿದ್ದರು. ಎಪ್ಪತ್ತು ದಾಟಿದ ಮೇಲೆ ಮನೆಯಳಿಯನಾಗಲು ಹೊರಟ ಧೈರ್ಯವಂತರು. ಭಾನುವಾರ ರೈಲು. ಅದಕ್ಕೆ ಮೊದಲು ಮಾತಾಡದಿದ್ದರೆ ಈ ಇಬ್ಬರು ಮತ್ತೆ ಒಬ್ಬರ ಮುಖ ಒಬ್ಬರು ನೋಡುವ ಹಾಗಿರಲಿಲ್ಲ. ಕರೆದರೆ ಅವರು ಬರುತ್ತಿರಲಿಲ್ಲ, ಕರೆಯಲು ಇವರಿಗೆ ಮನಸ್ಸಾಗುತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಮಗಳು, ನಮ್ಮಪ್ಪ ಇಂಗ್ಲೆಂಡಿನ ಇತಿಹಾಸದ ಪ್ರೊಫೆಸರ್, ಇಂಥ ವಿಷಯಗಳೆಲ್ಲ ಅವರಿಗೆ ನೀರು ಕುಡಿದ ಹಾಗೆ ಎಂದುಬಿಟ್ಟಿದ್ದಳು. ದೂರದಿಂದ ಗುರುಗಳು ಬರುತ್ತಾರೆಂದರೆ ಅವರಿಗೆ ಗೌರವ ಕೊಡಲಾದರೂ ಹೋಗಬೇಕೆಂದು ಒಕುದಾ-ಸಾನ್ ಶನಿವಾರಕ್ಕೆ ಒಪ್ಪಿದ್ದರು. ನನ್ನ ತೀರ್ಪಿಗೆ ಇಬ್ಬರೂ ಬದ್ಧರಂತೆ.

"ನನಗೆ ಫುಟ್‌ಬಾಲಿನಲ್ಲಿ ಎಷ್ಟು ಜನ ಆಡ್ತಾರೆ ಅನ್ನೋದೂ ಗ್ಯಾರಂಟಿ ಇಲ್ಲ ಕಣೇ," ಎಂದೆ.

"ಹನ್ನೊಂದು. ಅದನ್ನ ಅವ್ರು ಕೇಳಲ್ಲ ಬಿಡು."

ನಿಶಿಮುರಾ-ಸಾನ್ ಸೊಂಟದವರೆಗೆ ಬಾಗಿ ನನ್ನ ಕೈಗೆ ಒಂದು ತೆಳು ಪುಸ್ತಿಕೆ ಕೊಟ್ಟರು. ಕ್ಲಬ್ಬಿನವರೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದು. ಹೆಂಡತಿಯ ಮಾತು ನೆನಪಾಯಿತು. ಆದರೆ ಇದು ಪಾಠವಲ್ಲ, ಪಂಚಾಯಿತಿ ಎಂದು ಸಮಾಧಾನ ಮಾಡಿಕೊಂಡೆ.

ಕಾಮೋ ನದಿಯ ದಂಡೆ

ಮರುದಿನ ಬೆಳಿಗ್ಗೆ ಪುಸ್ತಿಕೆಯನ್ನೂ ಮನೆಯಿಂದ ಕಟ್ಟಿಕೊಂಡು ಬಂದಿದ್ದ ಕೋಡುಬಳೆಯನ್ನೂ ಹಿಡಿದು ನದಿಯ ದಂಡೆಯಲ್ಲಿ ಕುಳಿತೆ. ಹದ್ದುಗಳಿವೆ, ತಿಂಡಿ ಜೋಪಾನ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಹಾಕಿದ್ದರು. ಅದು ಬ್ರೆಡ್ಡು ತಿನ್ನುವವರಿಗೆ ಎಂದುಕೊಂಡೆ. ಎರಡನೇ ಪುಟದಲ್ಲಿದ್ದಾಗ ಕಿವಿಯ ಪಕ್ಕ ಗಾಳಿ ಬೀಸಿದಂತಾಯಿತು, ಕೈಯಲ್ಲಿದ್ದ ಕೋಡುಬಳೆ ಆಕಾಶದಲ್ಲಿತ್ತು. ಹದ್ದು ಅದನ್ನು ಕಾಲಿನ ಉಗುರಿಗೆ ಸಿಕ್ಕಿಸಿಕೊಂಡು ನದಿಯ ಮೇಲೆ ಎರಡು ಸುತ್ತು ಹಾರಿ, ಒಮ್ಮೆ ಕಚ್ಚಿ ನೋಡಿ, ನೀರಿಗೆ ಬಿಟ್ಟುಬಿಟ್ಟಿತು. ಖಾರ ಹೆಚ್ಚಾಗಿರಬೇಕು. ಆ ಕಡೆಯ ಬೆಂಚಿನಲ್ಲಿದ್ದ ಹೆಂಗಸು ಎದ್ದುಬಂದು ನನಗೆ "ಸುಮಿಮಾಸೆನ್" ಎಂದಳು. ಹದ್ದಿನ ಪರವಾಗಿ.

ಪುಸ್ತಿಕೆ ಓದಿದೆ. ಕ್ಲಬ್ಬಿನ ಆರಂಭದ ಕಾಲ ನನಗೆ ಬಹಳ ಹಿಡಿಸಿತು. ಗೋಲಿಗೆ ಎರಡು ಗೂಟ, ಮೇಲೆ ಅಡ್ಡಪಟ್ಟಿಯ ಬದಲು ಹಗ್ಗ. ಚೆಂಡು ಹಗ್ಗದ ಮೇಲೆ ಹೋಯಿತೋ ಕೆಳಗೆ ಹೋಯಿತೋ ಎಂದು ಪ್ರತಿ ಸಲವೂ ವಾದ. ಮೈದಾನ ಒಬ್ಬ ಕಟುಕನದು. ಅವನ ಕುರಿಗಳನ್ನು ಆಟಕ್ಕೆ ಮೊದಲು ಓಡಿಸಿ, ಆಟ ಮುಗಿದ ಮೇಲೆ ಮರಳಿ ಕರೆತರುವುದು ಆಟಗಾರರ ಜವಾಬ್ದಾರಿ. ಮೊದಲ ಪಂದ್ಯಕ್ಕೆ ಎದುರಾಳಿಗಳು ದಾರಿ ತಪ್ಪಿ ಬರಲೇ ಇಲ್ಲ. ಇವರೇ ಎರಡು ಪಾಲಾಗಿ ಆಡಿದರು. ಗೆದ್ದವರು ಯಾರೆಂಬುದಕ್ಕೆ ದಾಖಲೆಯಿಲ್ಲ. ಹುಟ್ಟಿದ್ದು ಹೇಗೆ ಎಂಬಲ್ಲಿಗೆ ಬಂದರೆ, ಕೆಲವರು ಚರ್ಚು ಎನ್ನುತ್ತಾರೆ, ಕೆಲವರು ಪಬ್ಬು ಎನ್ನುತ್ತಾರೆ ಎಂದು ಬರೆದು, ಬರೆದವರು ಮೆಲ್ಲನೆ ಮುಂದಿನ ಅಧ್ಯಾಯಕ್ಕೆ ಹೋಗಿಬಿಟ್ಟಿದ್ದರು. ಜೆರ್ಸಿಯ ಬದನೆಕಾಯಿ ಬಣ್ಣವೂ ಹಾಗೆಯೇ. ಚರ್ಚಿನ ಪರದೆ ಹರಿದು ಹೊಲಿಸಿದ್ದೆಂದು ಒಂದು ಮಾತು, ಕಾರ್ಖಾನೆಯಲ್ಲಿ ಕೆಂಪು ಹಾಕಲು ಹೋಗಿ ಕೆಟ್ಟ ಬಣ್ಣವೆಂದು ಇನ್ನೊಂದು ಮಾತು.

ನಮ್ಮ ಬೀದಿಯ ಗೆಳೆಯರ ಬಳಗ ನೆನಪಾಯಿತು. ಅದನ್ನು ಕಟ್ಟಿದ ದಿನ ನಾನೂ ಇದ್ದೆ. ಮೊದಲು ಅಧ್ಯಕ್ಷರನ್ನು ಆರಿಸಿದೆವು, ಆಮೇಲೆ ಬ್ಯಾನರ್ ಬರೆಸಿದೆವು, ಬಳಗ ಏನು ಮಾಡಬೇಕೆಂಬುದನ್ನು ಮುಂದಿನ ಸಭೆಗೆ ಇಟ್ಟೆವು. ಮುಂದಿನ ಸಭೆಯಲ್ಲಿ ಬಳಗ ಒಡೆದು ನಿಜವಾದ ಗೆಳೆಯರ ಬಳಗ ಹುಟ್ಟಿತು. ಇವತ್ತು ಯಾರಾದರೂ ಬಂದು ನೀವು ಬಳಗ ಕಟ್ಟಿದ್ದು ಯಾಕೆ ಎಂದು ಕೇಳಿದರೆ, ಕಟ್ಟಿದವನಾದ ನನಗೇ ಗೊತ್ತಿಲ್ಲ.

ಶನಿವಾರ

ಒಕುದಾ-ಸಾನ್ ಕೋಟು ಟೈ ಹಾಕಿಕೊಂಡು ಬಂದರು. ನನಗೆ ಬಾಗಿದರು, ಸುಚೇತಾಗೆ ಬಾಗಿದರು, ಫೋಟೋಗೂ ಬಾಗಿದರು. ನಿಶಿಮುರಾ-ಸಾನ್ ಕಡೆ ನೋಡಲಿಲ್ಲ. ಅವರೂ ಇವರ ಕಡೆ ನೋಡದೆ ಕಾಫಿ ಇಟ್ಟರು. ಮೇಜಿನ ಆ ಬದಿಗೆ ಒಬ್ಬರು, ಈ ಬದಿಗೆ ಒಬ್ಬರು, ಅಡ್ಡ ತುದಿಯಲ್ಲಿ ನಾನು, ಪಕ್ಕದಲ್ಲಿ ಅನುವಾದಕ್ಕೆ ಸುಚೇತಾ. ಬಹಳ ವರ್ಷ ಮಗ್ಗಗಳ ನಡುವೆ ದುಡಿದವರಾದ್ದರಿಂದ ಇಬ್ಬರ ಕಿವಿಯೂ ಮಂದ. ಒಕುದಾ-ಸಾನ್ ಅವರ ಕಿವಿಯ ಯಂತ್ರ ಆಗಾಗ ಕುಯ್ ಎನ್ನುತ್ತಿತ್ತು. ನಿಶಿಮುರಾ-ಸಾನ್ ಅವರಿಗೆ ಎಡಗಿವಿ ಪೂರ್ತಿ ಹೋಗಿ ಬಲಗಿವಿ ಅರ್ಧ ಉಳಿದಿತ್ತು. ಸುಚೇತಾ ಹರಾಜು ಕೂಗುವವಳ ಹಾಗೆ ಗಟ್ಟಿಯಾಗಿ ಹೇಳಬೇಕಾಗಿತ್ತು.

ನಾನು ಪಾಠ ಮಾಡಿದೆ. ಕ್ಷಮಿಸಬೇಕು, ಬೇರೆ ದಾರಿಯಿರಲಿಲ್ಲ. ಮೊದಲು ಧಾರ್ಮಿಕ ಕಾರಣಗಳು. ಒಕುದಾ-ಸಾನ್ ತಲೆಯಾಡಿಸಿದರು. ಆಮೇಲೆ ಔದ್ಯೋಗಿಕ ಕಾರಣಗಳು, ಶನಿವಾರದ ಅರ್ಧ ರಜೆ, ಕೂಲಿಗಳ ಒಗ್ಗಟ್ಟು. ನಿಶಿಮುರಾ-ಸಾನ್ ತಲೆಯಾಡಿಸಿದರು. ನಾನು ಮುಂದುವರಿದಷ್ಟೂ ಇಬ್ಬರೂ ತಮ್ಮ ತಮ್ಮ ಪಾಲಿನ ಕಾರಣಗಳನ್ನು ಹಿಡಿದು ಗಟ್ಟಿಯಾಗಿ ಕುಳಿತರು. ಇಬ್ಬರ ಬೆನ್ನೂ ನೆಟ್ಟಗಾಯಿತು. ನನ್ನ ನೋಟ್ಸು ಮಕ್ಕಳನ್ನು ಪಾಸು ಮಾಡಿಸುತ್ತದೆ, ಜಗಳ ಬಿಡಿಸುವುದಿಲ್ಲ ಎಂದು ಅಲ್ಲಿ ಗೊತ್ತಾಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಈ ಇಬ್ಬರು ಹೀಗೇ ಎದ್ದು ಹೋದರೆ ಅದಕ್ಕೆ ಹೊಣೆ ನಾನು.

ಒಕುದಾ-ಸಾನ್ ಕಪ್ಪನ್ನು ನೋಡುತ್ತಲೇ ಏನೋ ಕೇಳಿದರು. ಸುಚೇತಾ ನನಗೆ ಹೇಳಿದಳು: "ಅದೆಲ್ಲ ಸರಿ ಗುರುಗಳೇ, ಕೊನೆಗೆ ಆ ಹುಡುಗ್ರು ಕ್ಲಬ್ ಕಟ್ಟಿದ್ದು ಯಾಕೆ ಅಂತ ಕೇಳ್ತಿದಾರೆ." ಹೇಳಿ, ಬೆಳಗಿನಿಂದ ಏನೂ ತಿಂದಿರದ ನನ್ನ ಮಗಳು ಮೊಟ್ಟೆಯ ಸ್ಯಾಂಡ್‌ವಿಚ್ಚನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡಳು.

ನಾನು ಗೋಡೆಯ ಫೋಟೋ ನೋಡಿದೆ. ಆ ಮುಖಗಳಲ್ಲಿ ಭಕ್ತಿಯೂ ಇರಲಿಲ್ಲ, ಅಮಲೂ ಇರಲಿಲ್ಲ. ಚಳಿಗಾಲದ ಒಂದು ಶನಿವಾರ ಮಾಡಲು ಏನೂ ಕೆಲಸವಿಲ್ಲದವರ ಮುಖಗಳು ಅವು. ನಾಯಿ ಹಿಡಿದವನಂತೂ ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುತ್ತಿದ್ದ. ಇಷ್ಟು ವರ್ಷದ ಪಾಠವೆಲ್ಲ ಒಂದು ಕಡೆಗಿರಲಿ, ಉತ್ತರ ತಾನಾಗಿ ಬಾಯಿಗೆ ಬಂತು. ಪಾಠ ಮಾಡಿ ಗಟ್ಟಿಯಾಗಿದ್ದ ದನಿಯಲ್ಲೇ, ನನಗೆ ನಾನೇ ಅಂದುಕೊಂಡ ಹಾಗೆ ಹೇಳಿದೆ.

"ಸುಮ್ನೆ."

ಅನುವಾದವಾಗಲಿಲ್ಲ. ಸುಚೇತಾಳ ಬಾಯಲ್ಲಿ ಮೊಟ್ಟೆಯಿತ್ತು.

ಇಬ್ಬರು ಮುದುಕರೂ ಒಟ್ಟಿಗೆ ತಲೆ ಎತ್ತಿದರು. ನನ್ನ ಕಡೆಗಲ್ಲ, ಒಬ್ಬರು ಇನ್ನೊಬ್ಬರ ಕಡೆಗೆ. ಒಕುದಾ-ಸಾನ್ ಕಿವಿಯ ಯಂತ್ರ ಸರಿಮಾಡಿಕೊಂಡರು. ನಿಶಿಮುರಾ-ಸಾನ್ ಕಣ್ಣು ಪಿಳಿಪಿಳಿ ಮಾಡಿದರು. ಆಮೇಲೆ "ಇಲ್ಲ ಇಲ್ಲ" ಎನ್ನುವಂತೆ ಮುಖದ ಮುಂದೆ ಕೈಯಾಡಿಸುತ್ತಾ ಒಬ್ಬರು ಏನೋ ಹೇಳಿದರು, ಅದನ್ನೇ ಇನ್ನೊಬ್ಬರೂ ಹೇಳಿದರು, ಇಬ್ಬರೂ ಕುಳಿತಲ್ಲೇ ಬಾಗಿದರು. ಒಬ್ಬರ ಹಣೆ ಸಕ್ಕರೆ ಬಟ್ಟಲಿಗೆ ತಾಗಿತು. ನಿಶಿಮುರಾ-ಸಾನ್ ಎದ್ದು ಹೋಗಿ ಗೂಟದಿಂದ ಸ್ಕಾರ್ಫ್ ತಂದು ಗೆಳೆಯನ ಕೊರಳಿಗೆ ಹಾಕಿದರು. ಅದರ ಮೇಲೆ ಮೂರು ವರ್ಷದ ಧೂಳು ಒಂದಿಷ್ಟೂ ಇರಲಿಲ್ಲ.

ಸುಚೇತಾ ಕಡೆಗೂ ನುಂಗಿದಳು. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಅಪ್ಪ, ನೀನು ಸುಮ್ನೆ ಅಂದಿದ್ದು ಅವ್ರಿಗೆ ಸುಮನ್ ನೇ ಅಂತ ಕೇಳಿಸ್ತು. ತಲೆ ತಗ್ಗಿಸಿ ಕೂತಿದ್ರಲ್ಲ, ಎದುರಿಗಿರೋನೇ ಸಾರಿ ಕೇಳ್ದ ಅಂತ ಇಬ್ರೂ ಅಂದ್ಕೊಂಡಿದಾರೆ. ಇಬ್ರೂ ಒಬ್ರಿಗೊಬ್ರು, ತಪ್ಪು ನಿಂದಲ್ಲ, ನಂದು ಅಂತಿದಾರೆ."

ಆಮೇಲೆ ಸಂಜೆಯವರೆಗೆ ಇಬ್ಬರೂ ಬಾಯಿ ಮುಚ್ಚಲಿಲ್ಲ. ಎಲ್ಡರ್‌ವಿಕ್‌ನ ಚಳಿ, ಅಲ್ಲಿ ತಿಂದ ಬೇಯಿಸಿದ ಬಟಾಣಿ, ಸೋತ ಪಂದ್ಯಗಳು. ನನ್ನ ತೀರ್ಪೇನು ಎಂದು ಯಾರೂ ಕೇಳಲಿಲ್ಲ. ಸ್ವಲ್ಪ ಬೇಜಾರಾಯಿತು.

ಕ್ಯೋಟೋ ಸ್ಟೇಷನ್

ಭಾನುವಾರ ನಾವೂ ಬೀಳ್ಕೊಡಲು ಹೋದೆವು. ಒಕುದಾ-ಸಾನ್ ಅವರ ಹೆಂಡತಿ ಸಾಮಾನಿನ ಜೊತೆ ಮೊದಲೇ ಹೊರಟುಹೋಗಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಸ್ಕಾರ್ಫ್ ತೊಟ್ಟ ಒಕುದಾ-ಸಾನ್ ದಾರಿಗೆ ಊಟದ ಡಬ್ಬಿ ಕೊಳ್ಳಲು ಅಂಗಡಿಯ ಮುಂದೆ ನಿಂತಿದ್ದರು. ನಾನು, ಸುಚೇತಾ, ನಿಶಿಮುರಾ-ಸಾನ್ ಸಾಲು ತಪ್ಪದಂತೆ ನೆಲದ ಮೇಲಿನ ಗೆರೆಯ ಹಿಂದೆ ನಿಂತಿದ್ದೆವು.

"ಅಪ್ಪ, ನಿಜ ಹೇಳ್ಬಿಡ್ಲಾ? ನಂಗ್ಯಾಕೋ ಗಿಲ್ಟ್ ಆಗ್ತಿದೆ," ಎಂದಳು ಸುಚೇತಾ. "ಮೊದ್ಲು ಸಾರಿ ಕೇಳಿದ್ದು ಇಬ್ರೂ ಅಲ್ವಲ್ಲ."

"ಸುಮ್ನೆ ಇರು," ಎಂದೆ.

ಸ್ವಲ್ಪ ಗಟ್ಟಿಯಾಗಿಯೇ ಅಂದೆ. ನಾನು ನಿಂತಿದ್ದದ್ದು ನಿಶಿಮುರಾ-ಸಾನ್ ಅವರ ಬಲಗಿವಿಯ ಕಡೆ. ಅವರು ನಿಧಾನವಾಗಿ ತಿರುಗಿದರು. ನನ್ನ ಬಾಯಿಯನ್ನೇ ನೋಡಿದರು. "ಸುಮ್ನೆ," ಎಂದು ನನ್ನ ಹಾಗೆಯೇ ಒಮ್ಮೆ ಹೇಳಿ ನೋಡಿದರು. ಆ ದನಿ ಯಾರದೆಂದು ಅವರಿಗೆ ಹೊಳೆಯಿತು. ಅವರು ಸುಚೇತಾಳನ್ನು ಅದರ ಅರ್ಥ ಕೇಳಿದರು. ಅವಳು ನನ್ನ ಮುಖ ನೋಡಿದಳು, ಆಮೇಲೆ ಹೇಳಿಬಿಟ್ಟಳು. ಕಾರಣವಿಲ್ಲದೆ ಅಂತ ಒಂದರ್ಥ. ಇರು ಸೇರಿಸಿದರೆ, ಬಾಯಿ ಮುಚ್ಚಿಕೊಂಡಿರು ಅಂತ.

ನಿಶಿಮುರಾ-ಸಾನ್ ಅಂಗಡಿಯ ಮುಂದೆ ನಿಂತಿದ್ದ ಗೆಳೆಯನ ಕಡೆ ತಿರುಗಿದರು. ಅಷ್ಟರಲ್ಲಿ ಒಕುದಾ-ಸಾನ್ ಡಬ್ಬಿ ಹಿಡಿದು ಬಂದರು, ಹಿಂದೆಯೇ ರೈಲೂ ಬಂತು. ಬಾಗುವುದೆಲ್ಲ ಮುಗಿದು ಒಕುದಾ-ಸಾನ್ ಒಳಗೆ ಹೋಗಿ ಬಾಗಿಲಲ್ಲೇ ನಮ್ಮ ಕಡೆ ತಿರುಗಿ ನಿಂತರು. ಆಗ ನಿಶಿಮುರಾ-ಸಾನ್ ಗೆರೆಯನ್ನು ಅರ್ಧ ಹೆಜ್ಜೆ ದಾಟಿದರು. ಅಲ್ಲಿನವರು ಆ ಗೆರೆ ದಾಟಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಮಂದಗಿವಿಯ ಗೆಳೆಯನಿಗೂ ಕೇಳುವಷ್ಟು ಜೋರಾಗಿ ಹೇಳಿದರು.

"ಸುಮನ್ ನೇ!"

ಒಕುದಾ-ಸಾನ್ ನಕ್ಕು ಏನೋ ಕೂಗಿದರು. ಬಾಗಿಲು ಮುಚ್ಚಿಕೊಂಡಿತು, ರೈಲು ಹೊರಟಿತು. ನಿಶಿಮುರಾ-ಸಾನ್ ಅದರ ಬಾಲ ಕಾಣದಾಗುವವರೆಗೂ ಬಾಗಿಯೇ ಇದ್ದರು.

"ಏನಂದ್ರು ಕಣೇ ಒಕುದಾ-ಸಾನ್?" ಎಂದು ಸುಚೇತಾಳನ್ನು ಕೇಳಿದೆ.

ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. "ಎಷ್ಟು ಸಲ ಹೇಳ್ತೀಯೋ ಮಾರಾಯ, ನಿನ್ನೆ ಒಂದ್ಸಲ ಹೇಳಿದ್ಯಲ್ಲ, ಸಾಕು ಅಂದ್ರು."